ರಾಜಾಜಿನಗರಕ್ಕೆ ಸಮುದ್ರ ತರಹೊರಟ ಮೈದುನ

ನನ್ನ ಮೈದುನನಷ್ಟು ಸಲೀಸಾಗಿ ಸುಳ್ಳು ಹೇಳುವವನನ್ನು ನಾನು ಇಡೀ ರಾಜಾಜಿನಗರದಲ್ಲಿ ಕಂಡಿಲ್ಲ. ಹಾಲಿನ ಬೂತಿಗೆ ಕಳಿಸಿದರೆ ಎಷ್ಟೋ ಹೊತ್ತು ಬಿಟ್ಟು ಬಂದು, "ಇವತ್ತು ವ್ಯಾನೇ ಬಂದಿಲ್ಲ ಅತ್ತಿಗೆ" ಎನ್ನುತ್ತಿದ್ದ. ವ್ಯಾನು ಬಂದು ಹೋಗಿರುತ್ತಿತ್ತು. ಇವನು ದಾರಿಯಲ್ಲಿ ಯಾವುದೋ ಹೊಂಗೆಮರದ ಬುಡದಲ್ಲಿ ನಿಂತು ನೆರಳು ನೋಡುತ್ತಿದ್ದ. ನೆಂಟರ ಮನೆಯ ಉಪ್ಪಿಲ್ಲದ ಹುಳಿಯನ್ನು "ಅಮೃತ" ಎಂದು ಹೊಗಳಿ ಎರಡನೇ ಸಲ ಬಡಿಸಿಕೊಂಡು ಬರುವ ಮಹಾನುಭಾವ! ಆದರೆ ಕೈಗೆ ಕುಂಚ ಬಂತೋ, ಮುಗಿಯಿತು. ಆಮೇಲೆ ಪ್ರಾಣ ಹೋದರೂ ಸುಳ್ಳಿಲ್ಲ. ಇದ್ದದ್ದು ಇದ್ದ ಹಾಗೆ, ಕಂಡದ್ದು ಕಂಡ ಹಾಗೆ. ಇಂಥ ಸತ್ಯವಂತನಿಗೆ ದಿನಾ ಅಡುಗೆ ಮಾಡಿ ಹಾಕುವುದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು?

ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ ಹೈಸ್ಕೂಲು ಹುಡುಗ. ಹಾಗಾಗಿ ಅವನನ್ನು "ಲೋ" ಎನ್ನುವ ಹಕ್ಕು ನನಗೆ ಮೊದಲಿನಿಂದಲೂ ಇದೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಅಷ್ಟು ಹೊತ್ತಿಗೆ ಅವನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ವಾರವಿಡೀ ನಟ್ಟು ಬೋಲ್ಟಿನ ನಕ್ಷೆ, ಭಾನುವಾರ ಪ್ರಕೃತಿ ದೃಶ್ಯ. ಮೂರು ಕಾಲಿನ ಸ್ಟ್ಯಾಂಡು, ಕ್ಯಾನ್ವಾಸು, ಬಣ್ಣದ ಪೆಟ್ಟಿಗೆ ಸೈಕಲ್ಲಿಗೆ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಊಟದ ನೆನಪೇ ಇರುತ್ತಿರಲಿಲ್ಲ. ನಮ್ಮನೆಯವರು, ಅಂದರೆ ಅವನ ಅಣ್ಣ, "ಬಿಡೇ, ಬೇರೆ ಹುಡುಗರ ಹಾಗೆ ಇಸ್ಪೀಟಾಡ್ತಿಲ್ಲವಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಇಸ್ಪೀಟಾಡಿದ್ದರೆ ಬೀದಿಯವರ ಜೊತೆ ಇಷ್ಟು ಜಗಳ ಬರುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎದುರುಮನೆ ಮೇಷ್ಟ್ರ ಕಥೆ ಕೇಳಿ. ಪಾಪ, ಸಾಲಸೋಲ ಮಾಡಿ ಮನೆ ಕಟ್ಟಿಸಿದವರು. ಆಸೆಪಟ್ಟು, "ನಮ್ಮ ಮನೇದೊಂದು ಚಿತ್ರ ಬರೆದುಕೊಡಪ್ಪ, ಹಾಲಿನ ಗೋಡೆಗೆ ಹಾಕ್ಕೋತೀನಿ" ಎಂದರು. ಇವನು ಬರೆದ. ನೋಡಿದರೆ ಮನೆ ಎದ್ದು ಬಂದಂತಿದೆ! ಜೊತೆಗೆ ಗೋಡೆಯ ಬಿರುಕೂ ಎದ್ದು ಬಂದಿದೆ. ಕಾಂಪೌಂಡಿನ ಮೇಲೆ ಒಣಹಾಕಿದ್ದ ಮೇಷ್ಟ್ರ ತೂತು ಬನಿಯನ್ನೂ ಬಂದಿದೆ, ಒಂದೊಂದು ತೂತಿನ ಸಮೇತ.

"ಆ ಬನಿಯನ್ ಒಂದು ತೆಗೆದುಬಿಡಪ್ಪ" ಎಂದರು ಮೇಷ್ಟ್ರು.

"ಮೊದಲು ನೀವು ತೆಗೀರಿ ಸಾರ್, ಆಮೇಲೆ ನಾನು ತೆಗೀತೀನಿ."

ಮೇಷ್ಟ್ರು ಹೋಗಿ ಬನಿಯನ್ ತೆಗೆದರು. ಇವನೂ ಅದನ್ನು ಕೆರೆದು ತೆಗೆದ. ಬನಿಯನ್ನಿನ ಹಿಂದೆ ಗೋಡೆಯ ಮೇಲಿದ್ದ ಪಾಚಿಯ ಕಲೆ ಈಗ ಚಿತ್ರದಲ್ಲಿ ಬಂತು! ಮೇಷ್ಟ್ರು ಆಮೇಲೆ ಎಷ್ಟೋ ದಿನ ನಮ್ಮನ್ನು ನೋಡಿದರೆ ಕೊಡೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದರು, ಬಿಸಿಲಿರಲಿ ಇಲ್ಲದಿರಲಿ.

ಊರೊಳಗೆ ಬೇಡ ಮಹರಾಯ, ಆಚೆ ಹೋಗಿ ಬರಿ ಎಂದು ನಾನೇ ಅಟ್ಟಿದೆ. ಆಗೆಲ್ಲ ಮಾಗಡಿ ರೋಡಿನಲ್ಲಿ ಸುಂಕದಕಟ್ಟೆಯ ಕಡೆ ಹೋದರೆ ಹೊಲ, ತೋಪು, ಬಾವಿ. ಇವನು ಹೆಗ್ಗನಹಳ್ಳಿಯ ಹತ್ತಿರ ಒಂದು ಹುಣಸೆಮರ ಕಂಡು, ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಒಂದು ಕಣ್ಣು ಮುಚ್ಚಿ, ಕುಂಚ ಎತ್ತಿ ಹಿಡಿದು ದೂರ ಅಳೆಯಲು ನಿಂತಿದ್ದಾನೆ. ಅದನ್ನು ಕಂಡರೆ ಹಳ್ಳಿಯವರಿಗೆ ಇನ್ನೇನು ಅನ್ನಿಸಬೇಕು ಹೇಳಿ? ಬಡಾವಣೆ ಮಾಡಲು ಸರ್ವೆಯವರು ಬಂದರು! ಅರ್ಧ ಊರೇ ಹೊಲಕ್ಕೆ ಓಡಿಬಂತು.

"ಯಾವ ಲೇಔಟ್ ಸಾಮಿ ಬರೋದು?"

"ಲೇಔಟ್ ಅಲ್ಲ ಗೌಡ್ರೇ, ಹುಣಸೆಮರ."

"ಹುಣಸೆಮರ ಅಂತ ಹೆಸರಾ ಲೇಔಟಿಗೆ?"

ಎಷ್ಟು ಹೇಳಿದರೂ ನಂಬಲಿಲ್ಲವಂತೆ. ಒಬ್ಬರು ಎಳನೀರು ತಂದರು, ಇನ್ನೊಬ್ಬರು ನೆರಳಿಗೆಂದು ಗೋಣಿಚೀಲ ಹಿಡಿದು ನಿಂತರು. ಒಬ್ಬ ಅಜ್ಜಿಯಂತೂ "ನನ್ ಹೊಲ ಒಂದು ಬುಟ್ಬುಡಪ್ಪಾ" ಎಂದು ಕೈ ಮುಗಿದಳಂತೆ. ಸಂಜೆ ಸೈಕಲ್ಲಿನ ಹಿಂದೆ ಒಂದು ಮೂಟೆ ಅವರೆಕಾಯಿ ಕಟ್ಟಿಸಿಕೊಂಡು ಬಂದ. ನಾನು ಬೈಯಬೇಕೆಂದು ಬಾಯಿ ತೆರೆದವಳು ಅವರೆಕಾಯಿಯ ಸೊಗಡು ಮೂಗಿಗೆ ಬಡಿದು ಸುಮ್ಮನಾದೆ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ನಾವು ತಲೆಕೆಡಿಸಿಕೊಂಡಿದ್ದರೆ, ಹುಡುಗಿ ತಾನಾಗಿ ಅವನ ಚಿತ್ರದೊಳಗೆ ಬಂದು ನಿಂತಳು. ಒಂದು ರಸ್ತೆಯ ಚಿತ್ರ ಬರೆಯುತ್ತಿದ್ದನಂತೆ. ಬಸ್ ಸ್ಟಾಪಿನಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ನಿಂತಿದ್ದಾಳೆ. ನಿಂತಿದ್ದಾಳೆಂದ ಮೇಲೆ ಬರೆಯಲೇಬೇಕಲ್ಲ! ಅರ್ಧ ಬರೆಯುವಷ್ಟರಲ್ಲಿ ಬಸ್ಸು ಬಂತು. ಇವನು ಓಡಿಹೋಗಿ, "ರೀ, ಹತ್ತಬೇಡ್ರೀ, ಇನ್ನೂ ನಿಮ್ಮ ಕಾಲು ಬರೆದಿಲ್ಲ!" ಎಂದನಂತೆ. ಯಾವ ಹುಡುಗಿ ತಾನೇ ಹತ್ತದೆ ಇರುತ್ತಾಳೆ? ಮಾರನೇ ದಿನ ಅದೇ ಹೊತ್ತಿಗೆ ಹೋಗಿ, ಅದೇ ಸೀರೆ ಉಟ್ಟುಕೊಂಡು ಬರಬೇಕು ಎಂದು ಕೇಳಿದನಂತೆ. ಅವಳು ಬಂದಳು. ಅಲ್ಲಿಗೆ ಅವಳಿಗೂ ಸ್ವಲ್ಪ ಹುಚ್ಚಿದೆ ಎಂದಾಯಿತಲ್ಲ?

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರು ಹೊನ್ನಾವರದ ಪಕ್ಕ, ಸಮುದ್ರದ ದಂಡೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಮೀನು ಹಿಡಿಯುವ ಅಪ್ಪ ಒಬ್ಬರೇ ಸಾಕಿ ಓದಿಸಿದ ಮಗಳು. ನಮ್ಮದೋ, ಕೋಳಿಮೊಟ್ಟೆ ಕಂಡರೆ ಬೀದಿ ದಾಟುವ ಮನೆತನ! ನಮ್ಮನೆಯವರು ಒಂದು ವಾರ ತಮ್ಮನ ಜೊತೆ ಮಾತು ಬಿಟ್ಟರು. ನಾನು ಸುಳ್ಳೇಕೆ ಹೇಳಲಿ, ನನಗೂ ಮೊದಲು ಇಷ್ಟವಿರಲಿಲ್ಲ. ಆದರೆ ಹುಡುಗಿ ಮನೆಗೆ ಬಂದು "ಅಕ್ಕ" ಎಂದು ನನ್ನ ಕೈಯಿಂದ ಕಡುಬಿನ ಪಾತ್ರೆ ಇಸಿದುಕೊಂಡಳು ನೋಡಿ, ಆವತ್ತಿನಿಂದ ನಾನು ಅವಳ ಕಡೆ.

ಅವಳ ಅಪ್ಪ ಮಾತ್ರ ಕರಗಲಿಲ್ಲ. ರಿಜಿಸ್ಟ್ರಾರ್ ಆಫೀಸಿನ ಬಾಗಿಲಿನವರೆಗೆ ಬಂದರು. ಒಳಗೆ ಬರಲಿಲ್ಲ. ಸಹಿ ಹಾಕಿ ಹೊರಗೆ ಬಂದ ಮಗಳಿಗೆ, "ಇನ್ನು ನನ್ನ ಅಂಗಳಕ್ಕೆ ಕಾಲಿಡಬೇಡ" ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟರು. ಮಗಳೂ ಅದೇ ಅಪ್ಪನ ಮಗಳಲ್ಲವೇ? "ಅವರಾಗಿ ಕರೆಯೋ ತನಕ ನಾನು ಹೋಗೋದಿಲ್ಲ ಅಕ್ಕ" ಎಂದಳು. ಎರಡು ವರ್ಷ ಕಳೆದರೂ ಆ ಕಡೆಯಿಂದ ಒಂದು ಸುದ್ದಿಯಿಲ್ಲ, ಈ ಕಡೆಯಿಂದ ಒಂದು ಸೊಲ್ಲಿಲ್ಲ.

ಹೀಗಿರುವಾಗ ಅವಳು ಬಸುರಾದಳು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ನೀವು ನಂಬುತ್ತೀರೋ ಬಿಡುತ್ತೀರೋ, ನಾನಂತೂ ನಂಬುತ್ತೇನೆ. "ಏನು ತಿನ್ನಬೇಕು ಅನ್ನಿಸುತ್ತೆ ಹೇಳೇ. ಮಾವಿನಕಾಯಾ, ಚಕ್ಕುಲಿಯಾ? ಮೀನು ಬೇಕಾದ್ರೂ ಹೇಳು, ಹಿತ್ತಲಲ್ಲಿ ಬೇರೆ ಒಲೆ ಹಾಕಿಸ್ತೀನಿ" ಎಂದೆ. ನನ್ನ ಬಾಯಿಂದ ಆ ಮಾತು ಬಂತೆಂದು ನನಗೇ ಆಶ್ಚರ್ಯ! ಅವಳು ತಲೆ ಬಗ್ಗಿಸಿಕೊಂಡು ಹುರುಳಿಕಾಯಿ ಮುರಿಯುತ್ತಿದ್ದವಳು, "ತಿನ್ನೋಕೆ ಎಂತದೂ ಬೇಡ ಅಕ್ಕ. ನಮ್ಮನೆ ಎದುರಿನ ಸಮುದ್ರ ನೋಡ್ಬೇಕು ಅನ್ನಿಸ್ತದೆ" ಎಂದಳು.

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನನ್ನ ಮೈದುನ ಒಳಗೆ ನುಗ್ಗಿ, "ಅಷ್ಟೇ ತಾನೆ? ತಂದುಕೊಡ್ತೀನಿ!" ಎಂದ. ಏನೋ ಕಾಲು ಕೇಜಿ ದ್ರಾಕ್ಷಿ ತಂದುಕೊಡುವವನ ಹಾಗೆ!

ಅಂದಿನಿಂದ ನಮ್ಮ ಮನೆಯಲ್ಲಿ ಸಮುದ್ರದ ವಿಚಾರಣೆ ಶುರುವಾಯಿತು. ಮನೆ ಮುಂದೆ ಎಷ್ಟು ತೆಂಗಿನಮರ? ಯಾವ ಕಡೆ ವಾಲಿವೆ? ಮರಳು ಬಿಳಿಯೋ, ಗೋಧಿಬಣ್ಣವೋ? ಒದ್ದೆ ಮರಳಿನ ಮೇಲೆ ಬಿಸಿಲು ಬಿದ್ದರೆ ಹೇಗೆ ಹೊಳೆಯುತ್ತದೆ?

"ಹೇಗೆ ಅಂದ್ರೆ ಎಂತ ಹೇಳೋದು ಮಾರಾಯ್ರೆ? ಮೀನಿನ ಮೈ ಹೊಳೀತದಲ್ಲ, ಹಾಗೆ" ಎಂದಳು, ತಲೆ ಚಿಟ್ಟುಹಿಡಿದು.

ಅವಳು ಹಾಗೆ ಹೇಳಬಾರದಿತ್ತು. ಮಾರನೇ ಬೆಳಿಗ್ಗೆ ಸಿಟಿ ಮಾರ್ಕೆಟ್ಟಿಗೆ ಹೋಗಿ ಇವನು ಒಂದು ಬಂಗುಡೆ ಮೀನು ತಂದೇಬಿಟ್ಟ! ಸುತ್ತಿದ ಕಾಗದ ಬಿಚ್ಚಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಬಿಸಿಲಿಗೆ ಸರಿಯಾಗಿ ತಿರುಗಿಸಿ ಬರೆಯಲು ಕೂತ. "ಅದು ಹೊಸಿಲು ದಾಟಿದ್ರೆ ನಾನು ತವರಿಗೆ ಹೊರಟೆ!" ಎಂದು ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. "ತಿನ್ನೋದಕ್ಕಲ್ಲ ಅತ್ತಿಗೆ, ನೋಡೋದಕ್ಕೆ" ಎನ್ನುತ್ತಾನೆ. ಅಷ್ಟರಲ್ಲಿ ಬೀದಿಯ ಬೆಕ್ಕೊಂದು ಮಾಡಿನಿಂದ ಹಾರಿ ಮೀನನ್ನು ಕಚ್ಚಿಕೊಂಡು ಓಡಿತು. ಇವನು ಕುಂಚ ಹಿಡಿದು ಅದರ ಹಿಂದೆ! "ಬಿಡೇ, ಬಿಡೇ, ಇನ್ನೂ ಬಾಲ ಬರೆದಿಲ್ಲ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗು. ಮೇಷ್ಟ್ರ ಮನೆಯ ಕಿಟಕಿ ದಡಾರನೆ ಮುಚ್ಚಿತು. ನಮ್ಮ ವಾರಗಿತ್ತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ಅವತ್ತೇ. ನಗುತ್ತ ನಗುತ್ತ ಯಾವಾಗ ಅಳಲು ಶುರುಮಾಡಿದಳೋ ನನಗೆ ತಿಳಿಯಲಿಲ್ಲ.

ಸರಿ, ಚಿತ್ರ ಮುಗಿಯಿತು. ಕಾರ್ಖಾನೆಯವರ ಜೊತೆ ಒಮ್ಮೆ ಮದ್ರಾಸಿಗೆ ಹೋಗಿದ್ದಾಗ ಬೆಳಗಿನ ಹೊತ್ತು ಕಡಲ ದಂಡೆಯಲ್ಲಿ ಕೂತು ಬಣ್ಣದಲ್ಲಿ ಗುರುತು ಮಾಡಿಕೊಂಡು ಬಂದಿದ್ದ. ಅದನ್ನು ಮುಂದಿಟ್ಟುಕೊಂಡು, ಹೆಂಡತಿ ಹೇಳಿದ ತೆಂಗಿನಮರ, ಮನೆ, ದೋಣಿ ಎಲ್ಲ ಸೇರಿಸಿ ಬರೆದ. ಅಬ್ಬ, ಏನು ಬಿಸಿಲು ಅಂತೀರಿ! ನೀರಿನ ಮೇಲಿನ ಹೊಳಪಿಗೆ ನಾನು ಕಣ್ಣು ಕಿರಿದು ಮಾಡಿದೆ. ವಾರಗಿತ್ತಿಯನ್ನು ಕರೆತಂದು ಚಿತ್ರದ ಮುಂದೆ ಕೂರಿಸಿದೆವು. ಅವಳು ನೋಡಿದಳು. ಇನ್ನೂ ನೋಡಿದಳು.

"ಚಂದ ಉಂಟು" ಎಂದಳು. "ಇದು ಯಾವ ಊರು?"

"ನಿಮ್ಮೂರೇ ಕಣೇ! ಬೆಳಗಿನ ಬಿಸಿಲು!"

"ಬೆಳಿಗ್ಗೆ ನಮ್ಮಲ್ಲಿ ಸೂರ್ಯ ಸಮುದ್ರದಿಂದ ಬರೋದಿಲ್ಲವಲ್ಲ. ಗುಡ್ಡದ ಕಡೆಯಿಂದ ಬರ್ತಾನೆ, ಸಂಜೆಗೆ ಸಮುದ್ರಕ್ಕೆ ಇಳೀತಾನೆ. ಬೆಳಿಗ್ಗೆ ಮನೆಯ ನೆರಳು ನೀರಿನ ಕಡೆಗೆ ಬೀಳ್ತದೆ. ಆ ನೆರಳಲ್ಲೇ ಅಪ್ಪ ಬಲೆ ಸರಿಮಾಡ್ತಾ ಕೂತ್ಕೊಳ್ಳೋದು."

ನನ್ನ ಮೈದುನನ ಮುಖ ನೋಡಬೇಕಿತ್ತು! ನಟ್ಟು ಬೋಲ್ಟಿನಲ್ಲಿ ಕೂದಲೆಳೆಯಷ್ಟು ತಪ್ಪದ ಮನುಷ್ಯ ಸೂರ್ಯನನ್ನೇ ತಪ್ಪು ದಿಕ್ಕಿನಲ್ಲಿ ಹುಟ್ಟಿಸಿದ್ದಾನೆ. ಬೆಂಗಳೂರಿನವರಿಗೆ ಸಮುದ್ರವೆಂದರೆ ಮದ್ರಾಸೇ ಅಲ್ಲವೇ? ಒಂದೊಂದು ಮರದ ನೆರಳೂ ಉಲ್ಟಾ, ಮನೆಯ ನೆರಳೂ ಉಲ್ಟಾ. ನಮ್ಮನೆಯವರು, "ಹೋಗ್ಲಿ ಬಿಡೋ, ಸಂಜೆ ಅಂತ ಅಂದುಕೊಂಡ್ರಾಯ್ತು" ಎಂದರು. ಇವನು ಕ್ಯಾನ್ವಾಸನ್ನು ಎತ್ತಿ ಅಟ್ಟಕ್ಕೆ ಹಾಕಿದ.

"ನೋಡದೆ ಬರೆದೆ, ಅದಕ್ಕೇ ಹೀಗಾಯ್ತು. ಹೋಗಿ ನೋಡಿ ಬರೀತೀನಿ."

"ಬೇಡ" ಎಂದಳು ಹೆಂಡತಿ. "ಅಂಗಳಕ್ಕೆ ಕಾಲಿಡಬೇಡ ಅಂದಿದ್ದಾರೆ ಅಪ್ಪ."

"ಅಂಗಳಕ್ಕೆ ಯಾಕೆ ಕಾಲಿಡ್ಲಿ? ಮರಳು ಅವರಪ್ಪಂದಲ್ಲವಲ್ಲ. ಮರಳಿನ ಮೇಲೆ ಕೂತ್ಕೋತೀನಿ."

ಹಟ ಅಂದರೆ ಹಟ. ರಜೆ ಹಾಕಿಯೇಬಿಟ್ಟ. ಒಬ್ಬನನ್ನೇ ಕಳಿಸಿದರೆ ಏಟು ತಿಂದು ಬರುತ್ತಾನೆ, ಜೊತೆಯಲ್ಲಿ ಹೆಂಗಸೊಬ್ಬಳಿದ್ದರೆ ಯಾರೂ ಕೈ ಎತ್ತುವುದಿಲ್ಲ ಎಂದು ನಮ್ಮನೆಯವರು ನನ್ನನ್ನು ಜೊತೆಗೆ ಅಂಟಿಸಿದರು. ಎಂಥ ಗಂಡ ನೋಡಿ! ತಮ್ಮನ ಏಟಿಗೆ ನಾನು ಗುರಾಣಿ! ಕಾರ್ಖಾನೆಯ ಸ್ನೇಹಿತನೊಬ್ಬನ ಅಕ್ಕನ ಮನೆ ಹೊನ್ನಾವರದಲ್ಲಿತ್ತು, ಅಲ್ಲಿ ಇಳಿದುಕೊಳ್ಳುವುದೆಂದಾಯಿತು. ಬಸ್ಸಿನಲ್ಲಿ ಕ್ಯಾನ್ವಾಸನ್ನು ಮಾಡಿನ ಮೇಲೆ ಹಾಕಲು ಬಿಡದೆ ಇವನು ತೊಡೆಯ ಮೇಲೇ ಇಟ್ಟುಕೊಂಡು ಬಂದ. ಘಟ್ಟದ ಒಂದೊಂದು ತಿರುವಿಗೂ ಅದರ ಮೂಲೆ ನನ್ನ ಪಕ್ಕೆಲುಬಿಗೆ ತಿವಿಯುತ್ತಿತ್ತು.

ನಾನು ಅದುವರೆಗೆ ಸಮುದ್ರ ಕಂಡವಳಲ್ಲ. ತೆಂಗಿನಮರಗಳ ಸಂದಿಯಿಂದ ಹೊರಬಂದು ನೋಡಿದೆ ನೋಡಿ... ದೇವರೇ! ಇಷ್ಟೊಂದು ಬೆಳಕನ್ನು ಒಂದೇ ಕಡೆ ಸುರಿದವರು ಯಾರು? ನೀರು, ಮರಳು, ದೋಣಿಯ ಹಲಗೆ, ಎಲ್ಲ ಮಿಣಮಿಣ. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ವಯಸ್ಸಿನ ಪರಿವೆಯಿಲ್ಲದೆ ನಾನು ನೀರಿಗಿಳಿದೆ. ಕಾಲಿನಡಿಯ ಮರಳನ್ನು ಅಲೆ ಎಳೆದುಕೊಂಡು ಹೋದಾಗ ವಾರಗಿತ್ತಿಯ ನೆನಪಾಯಿತು. ಇದನ್ನು ಬಿಟ್ಟು ಬಂದು ಆ ಹುಡುಗಿ ನಮ್ಮ ಕೊಳಾಯಿ ನೀರಿನ ಎದುರು ಕೊಡ ಹಿಡಿದು ನಿಲ್ಲುತ್ತಿದ್ದಳಲ್ಲ ಎನ್ನಿಸಿತು.

ಮನೆ ಅವಳು ಹೇಳಿದಂತೆಯೇ ಇತ್ತು. ಮೂರು ತೆಂಗಿನಮರ, ಹೆಂಚಿನ ಮಾಡು, ಅಂಗಳಕ್ಕೆ ತೆಂಗಿನ ಗರಿಯ ಬೇಲಿ, ಬೇಲಿಯಾಚೆ ಮರಳ ಮೇಲೆ ಒಂದು ಸಣ್ಣ ದೋಣಿ, ಗಳುಗಳ ಮೇಲೆ ಒಣಹಾಕಿದ ಬಲೆ. ಬೆಳಗಿನ ನೆರಳು ಸರಿಯಾಗಿ ನೀರಿನ ಕಡೆಗೇ! ನನ್ನ ಮೈದುನ ಬೇಲಿಯಿಂದಾಚೆ, ಮರಳ ಮೇಲೆ, ಎಲ್ಲವೂ ಕಾಣುವ ಹಾಗೆ ಸ್ಟ್ಯಾಂಡು ನೆಟ್ಟು ಶುರುಮಾಡಿದ. ಸ್ವಲ್ಪ ಹೊತ್ತಿಗೆ ಮನೆಯೊಳಗಿಂದ ಅವಳ ಅಪ್ಪ ಬಂದರು. ಮೈಗೆ ಅಂಗಿಯಿಲ್ಲ, ಕಪ್ಪು ಕಂಬದಂಥ ಆಳು. ಅಳಿಯನನ್ನು ಗುರುತು ಹಿಡಿದರು. ಮಾತಿಲ್ಲ. ಸೀದಾ ಬಂದು ಕ್ಯಾನ್ವಾಸು ನೋಡಿದರು. ಆಗಲೇ ದೋಣಿ ಮೂಡಿತ್ತು. ತಿರುಗಿಹೋಗಿ ಪಕ್ಕದ ಮನೆಗಳ ಗಂಡಸರನ್ನು ಕರೆದರು. ಐಸಾ, ಐಸಾ ಎಂದು ದೋಣಿಯನ್ನು ಎಳೆದುಕೊಂಡು ಕಣ್ಣಿಗೆ ಕಾಣದಷ್ಟು ದೂರ ಬಿಟ್ಟು ಬಂದರು!

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ದೋಣಿ ಹೇಗಿದ್ದರೂ ಬರೆದಾಗಿದೆ, ಬಿಟ್ಟುಬಿಡುತ್ತಿದ್ದರು. ನಮ್ಮವನು ಚೂರಿ ತೆಗೆದು ಬರೆದ ದೋಣಿಯನ್ನು ಕೆರೆದು ಹಾಕಿದ.

"ಯಾಕೋ?" ಎಂದೆ.

"ಇಲ್ವಲ್ಲ ಅತ್ತಿಗೆ."

ಮಾರನೇ ದಿನ ಬಲೆ ಬರೆದ. ಅವರು ಬಂದು ನೋಡಿದರು. ಬಲೆಯನ್ನು ಸುತ್ತಿಕೊಂಡು, ಗಳುಗಳನ್ನೂ ಕಿತ್ತುಕೊಂಡು ಒಳಗೆ ಹೋದರು. ಇವನು ಬಲೆಯನ್ನು ಕೆರೆದ. ಅಂಗಳದಲ್ಲಿ ಕೋಳಿಗಳನ್ನು ಬರೆದ; ಅವರು ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ಇವನು ಕೋಳಿಗಳನ್ನೂ ಕೆರೆದ! ನನಗೆ ಮೊದಮೊದಲು ನಗು. ಇಬ್ಬರು ಗಂಡಸರು, ಒಂದು ಮಾತಿಲ್ಲದೆ, ಒಬ್ಬ ತೆಗೆಯುವುದು, ಇನ್ನೊಬ್ಬ ಕೆರೆಯುವುದು. ದಂಡೆಯ ಜನವೆಲ್ಲ ಬೀಡಿ ಹಚ್ಚಿಕೊಂಡು ನೋಡಲು ಕೂತಿದ್ದರು. ನಾನು ಕೊಡೆ ಹಿಡಿದು ಹಿಡಿದು ತೋಳು ಸೋತು, ಮುಖವೆಲ್ಲ ಕಪ್ಪಾಯಿತು. "ಸಾಕು ಬಾರೋ" ಎಂದರೆ ಕೇಳುವವನೇ?

ಕೊನೆಗೆ ಉಳಿದದ್ದು ಮನೆ. ಮನೆಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ! ತೆರೆದ ಬಾಗಿಲು, ಅದರೊಳಗಿನ ತಂಪು ಕತ್ತಲೆ, ಹೊಸಿಲ ಮುಂದೆ ಚಾಚಿದ ನೆರಳು, ಎಲ್ಲವನ್ನೂ ಜೀವ ಬರುವ ಹಾಗೆ ಬರೆದಿದ್ದ. ಅವರು ಬಂದು ಅದನ್ನೂ ನೋಡಿದರು. ಆ ಬಾಗಿಲನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರೆಂದು ನನಗೆ ಅನ್ನಿಸಿತು. ಆಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿಗಳನ್ನೂ ಮುಚ್ಚಿದರು.

ನನ್ನ ಮೈದುನ ಚೂರಿ ಕೈಗೆತ್ತಿಕೊಂಡ. ನಾನು ಅವನ ಕೈ ಹಿಡಿದೆ.

"ಬೇಡ ಕಣೋ. ಬಾಗಿಲು ತೆಗೆದೇ ಇರ್ಲಿ. ಯಾರಿಗೆ ಗೊತ್ತಾಗುತ್ತೆ?"

"ಅವರು ತೆಗೆದಿದ್ರೆ ಬರೀತೀನಿ ಅತ್ತಿಗೆ."

"ಬಸುರಿ ಹುಡುಗಿ ಕಣೋ ಅದು! ಮುಚ್ಚಿದ ಬಾಗಿಲು ತಗೊಂಡು ಹೋಗಿ ತೋರಿಸ್ತೀಯಾ ಅವಳಿಗೆ? ಒಂದು ಸುಳ್ಳು ಬರೆದ್ರೆ ನಿನ್ನ ಗಂಟು ಏನು ಹೋಗುತ್ತೆ?"

ಅವನ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಕೈ ನಿಲ್ಲಲಿಲ್ಲ. ತೆರೆದ ಬಾಗಿಲನ್ನು ಕೆರೆದು, ಮುಚ್ಚಿದ ಬಾಗಿಲನ್ನು ಬರೆಯತೊಡಗಿದ. "ನಾನು ಸುಳ್ಳು ಬರೆದು ಅವಳು ನಂಬಿದ್ರೆ? ನಂಬಿ ಇಲ್ಲಿಗೆ ಬಂದು, ಬಾಗಿಲು ಹಾಕಿದ್ರೆ?" ಎಂದ.

ನಾನು ಚಿತ್ರ ನೋಡಿದೆ. ಅಷ್ಟೂ ಬಿಸಿಲು ಹಾಗೇ ಇದೆ. ಹೊಳೆಯುವ ನೀರಿದೆ, ಬಿಳಿ ಮರಳಿದೆ. ಜನವಿಲ್ಲ, ದೋಣಿಯಿಲ್ಲ, ಬಲೆಯಿಲ್ಲ. ಮುಚ್ಚಿದ ಬಾಗಿಲೊಂದೇ ಇದೆ. ನನಗೆ ಎಲ್ಲಿತ್ತೋ ಸಿಟ್ಟು! ಕೊಡೆ ಬಿಸಾಕಿ ಬೇಲಿಯ ಹತ್ತಿರ ಹೋಗಿ ಆ ಬಾಗಿಲಿಗೆ ಕೂಗಿದೆ.

"ಯಜಮಾನ್ರೇ! ನಿಮ್ಮ ದೋಣಿ ನಿಮಗೇ ಇರ್ಲಿ, ಬಲೆ ನಿಮಗೇ ಇರ್ಲಿ! ನಿಮ್ಮ ಮಗಳು ತುಂಬಿದ ಬಸುರಿ. ಏನು ಬಯಕೆಯೇ ತಾಯಿ ಅಂತ ಕೇಳಿದ್ರೆ ಹುಣಸೆಹಣ್ಣು ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಮ್ಮನೆ ಎದುರಿನ ಸಮುದ್ರ ನೋಡ್ಬೇಕು ಅಂದ್ಲು. ಇವನಿಗೇನು ಬೇರೆ ಕೆಲಸ ಇಲ್ಲ ಅಂತ ಬಂದಿದ್ದಾನೆ ಅಂದುಕೊಂಡ್ರಾ? ನಾಳೆ ಮಗುವಿನ ಕಿವಿ ಸೋರಿದ್ರೆ ನೀವು ಬಂದು ಹತ್ತಿ ಇಡ್ತೀರಾ? ಹೇಳಿ!"

ಬೀಡಿ ಸೇದುತ್ತಿದ್ದವರೆಲ್ಲ ಎದ್ದು ನಿಂತರು. ಬಾಗಿಲು ಅಲ್ಲಾಡಲಿಲ್ಲ. ನಾನು ಬಂದು ಮರಳಿನ ಮೇಲೆ ಕುಕ್ಕರಿಸಿದೆ. ಅಯ್ಯೋ, ಆಗಬೇಕಾದ್ದನ್ನೂ ಕೆಡಿಸಿಬಿಟ್ಟೆನಲ್ಲ ಎಂದು ಆ ದಿನವೆಲ್ಲ ಊಟ ಇಳಿಯಲಿಲ್ಲ.

ಮಾರನೇ ಬೆಳಿಗ್ಗೆ ಊರಿಗೆ ಹೊರಡುವ ಮೊದಲು, "ಒಂದು ಸಲ ನೋಡಿಬರೋಣ, ಬಾಗಿಲಿನ ಬಣ್ಣ ಸರಿಯಾಗಿಲ್ಲ" ಎಂದ ಮೈದುನ. ಹೋದೆವು. ತೆಂಗಿನಮರಗಳ ಸಂದಿಯಲ್ಲೇ ನಾನು ನಿಂತುಬಿಟ್ಟೆ.

ದೋಣಿ ಮರಳಿ ಬಂದಿತ್ತು. ಗಳು ನೆಟ್ಟಿತ್ತು, ಬಲೆ ಹರಡಿತ್ತು. ಕೋಳಿಗಳು ಅಂಗಳ ಕೆದಕುತ್ತಿದ್ದವು. ಬಾಗಿಲಿನ ಎರಡೂ ಕದ ಗೋಡೆಗೆ ತಾಗುವಷ್ಟು ತೆರೆದಿದ್ದವು. ಅವಳ ಅಪ್ಪ ದೋಣಿಯ ಪಕ್ಕದಲ್ಲಿ ನಿಂತು ನಮ್ಮ ದಾರಿಯನ್ನೇ ನೋಡುತ್ತಿದ್ದರು. ನನ್ನ ಮೈದುನ ಸ್ಟ್ಯಾಂಡು ನೆಟ್ಟು, ಕೈಗೆ ಸಿಕ್ಕಿದ ಕುಂಚದಲ್ಲಿ ಬರೆಯತೊಡಗಿದ. ಅವರು ಬಂದು ಹಿಂದೆ ನಿಂತರು.

"ದೋಣಿ ಮೂತಿ ಈಗ ಗುಡ್ಡದ ಕಡೆ ಮಾಡಿದ್ದೇನೆ. ಅವಳು ಇದ್ದಾಗ ಹಾಗೆ ಇತ್ತು" ಎಂದರು. ನಾವು ಬಂದ ಮೇಲೆ ಅವರು ಆಡಿದ ಮೊದಲ ಮಾತು ಅದು. "ಬೇರೆ ತರ ಇದ್ರೆ ಅವಳಿಗೆ ಗೊತ್ತಾಗ್ತದೆ."

ಮೈದುನನ ಕುಂಚ ಗಾಳಿಯಲ್ಲೇ ನಿಂತಿತು. "ನೀವೂ ಅಲ್ಲೇ ನಿಂತ್ಕೊಳ್ಳಿ, ದೋಣಿ ಪಕ್ಕ" ಎಂದ. "ನಿಮ್ಮನ್ನೂ ಹಾಕ್ತೀನಿ."

ಅವರು ತಲೆಯಾಡಿಸಿದರು. ನೀರಿನ ಕಡೆಗೆ ತಿರುಗಿ, ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು.

"ಚಿತ್ರದಲ್ಲಿ ನಾನು ಬೇಡ ಮಾರಾಯ. ನಾನೇ ಬರ್ತೇನೆ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಇನ್ನೂ ಒಣಗದ ಸಮುದ್ರವನ್ನು ಮೈದುನ ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತೇ ಬಂದ. ಬೆಂಗಳೂರು ಬಂತು, ರಾಜಾಜಿನಗರ ಬಂತು. ನಮ್ಮ ಬೀದಿಯ ತಿರುವಿನಲ್ಲಿ ಅವರ ನಡಿಗೆ ನಿಧಾನವಾಯಿತು.

ಬಾಗಿಲು ತೆಗೆದವಳು ವಾರಗಿತ್ತಿಯೇ. ಎಲ್ಲರಿಗಿಂತ ಮುಂದೆ ನಿಂತಿದ್ದವನು ನನ್ನ ಮೈದುನ. ಚಿತ್ರವನ್ನು ಅವಳ ಮುಖಕ್ಕೆ ಸರಿಯಾಗಿ ಎತ್ತಿ ಹಿಡಿದು, "ನೋಡು, ನೋಡೇ, ನೆರಳೆಲ್ಲ ಸರಿಯಾಗಿದೆ!" ಎಂದ. ಅವಳು ಅದನ್ನು ನೋಡಲೇ ಇಲ್ಲ. ಕ್ಯಾನ್ವಾಸಿನ ಅಂಚಿನಾಚೆ, ಗೇಟಿನ ಹೊರಗೆ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದವರನ್ನು ನೋಡುತ್ತಿದ್ದಳು.

"ಸಮುದ್ರ ನೋಡ್ಬೇಕು ಅಂದ್ಯಂತೆ" ಎಂದರು ಅವರು. "ಕರ್ಕೊಂಡು ಹೋಗ್ಲಿಕ್ಕೆ ಬಂದೆ ಮಗಳೇ. ನನ್ನ ತಂಗಿಯೂ ಬಂದು ಇರ್ತೇನೆ ಅಂದಿದ್ದಾಳೆ, ಬಾಣಂತನ ನಮ್ಮಲ್ಲೇ."

ಆ ತುಂಬುಹೊಟ್ಟೆಯಲ್ಲಿ ಅವಳು ಮೆಟ್ಟಿಲಿಳಿದು ಹೇಗೆ ಓಡಿದಳೋ! ನಾನು ಸೆರಗು ಬಾಯಿಗಿಟ್ಟುಕೊಂಡೆ. ನನ್ನ ಮೈದುನ ತನ್ನ ಚಿತ್ರವನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟು, ಮಾವನ ಕಾಲಿಗೆ ನೀರು ತರಲು ಬಚ್ಚಲುಮನೆಗೆ ಓಡಿದ.